ಹತ್ತೊಂಬತ್ತು ವರ್ಷ ತಿರುಗಿದ ರೆಕ್ಕೆ: ದುರಸ್ತಿ ಮಾಡಿಸುವುದೋ, ಇಳಿಸುವುದೋ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮ ಕುಟುಂಬದ ಅಕ್ಕಿ ಗಿರಣಿ ಇದೆ. ತೆರಿಗೆಯ ಅನುಕೂಲ ನೋಡಿ ನಮ್ಮ ತಂದೆಯವರು 2006ರಲ್ಲಿ ಚಿತ್ರದುರ್ಗ ಜಿಲ್ಲೆಯ ಗುಡ್ಡವೊಂದರ ಮೇಲೆ ತಲಾ 800 ಕಿಲೋವ್ಯಾಟ್‌ನ ಎರಡು ಗಾಳಿಯಂತ್ರಗಳನ್ನು ಹಾಕಿಸಿದರು. ರೆಕ್ಕೆಗಳ ಉದ್ದ ಸುಮಾರು 23 ಮೀಟರ್. ಕಳೆದ ತಿಂಗಳು ಡ್ರೋನ್‌ನಿಂದ ಫೋಟೊ ತೆಗೆಸಿದಾಗ ಮೂರು ಸಂಗತಿಗಳು ಕಂಡವು. ಮೊದಲ ಯಂತ್ರದ ಮೂರೂ ರೆಕ್ಕೆಗಳ ಮುಂದಿನ ಅಂಚು ತುದಿಯ ಕಡೆ ಸವೆದು ಕಪ್ಪಾಗಿದೆ. ಎರಡನೆಯ ಯಂತ್ರ ತಿರುಗುವಾಗ ಸಿಳ್ಳೆ ಕೇಳಿಸುತ್ತದೆ, ಅದರ ಒಂದು ರೆಕ್ಕೆಯ ತುದಿಯಲ್ಲಿ ಸುಟ್ಟಂಥ ಕಲೆ ಇದೆ. ಅದೇ ಯಂತ್ರದ ಇನ್ನೊಂದು ರೆಕ್ಕೆಯಲ್ಲಿ, ಬುಡದಿಂದ ಸುಮಾರು 6 ಮೀಟರ್ ದೂರದಲ್ಲಿ, ಹಿಂದಿನ ಅಂಚಿನ ಉದ್ದಕ್ಕೆ 40 ಸೆಂಟಿಮೀಟರಿನ ಗೆರೆಯೊಂದಿದೆ. ಒಬ್ಬ ಗುತ್ತಿಗೆದಾರರು ಎಲ್ಲಕ್ಕೂ ಬಣ್ಣ ಬಳಿದರೆ ಸಾಕು ಎನ್ನುತ್ತಾರೆ. ಇನ್ನೊಬ್ಬರು ರೆಕ್ಕೆಗಳನ್ನೇ ಬದಲಿಸಬೇಕು ಎನ್ನುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ಇಬ್ಬರ ಮಾತನ್ನೂ ಹಾಗೆಯೇ ಒಪ್ಪಬೇಡಿ. ನೀವು ಬರೆದಿರುವ ಮೂರು ದೋಷಗಳು ಮೂರು ಬೇರೆ ಜಾತಿಯವು. ಮೊದಲನೆಯದಕ್ಕೆ ಬಣ್ಣಕ್ಕಿಂತ ಸ್ವಲ್ಪ ಹೆಚ್ಚಿನ ಕೆಲಸ ಬೇಕು, ಆದರೆ ಆತಂಕ ಪಡಬೇಕಾಗಿಲ್ಲ. ಎರಡನೆಯದು ಮುಂದಿನ ಏಪ್ರಿಲ್ ತಿಂಗಳ ಗುಡುಗು ಮಳೆಗೆ ಮುಂಚೆ ಮುಗಿಯಲೇಬೇಕು. ಮೂರನೆಯದು ಬರೀ ಬಣ್ಣದ ಬಿರುಕೋ ಅಂಟು ಬಿಟ್ಟ ಸಂದೋ ಎಂಬುದು ಫೋಟೊದಿಂದ ತಿಳಿಯುವುದಿಲ್ಲ. ಒಬ್ಬರು ಹಗ್ಗದ ಮೇಲೆ ಇಳಿದು ಮುಟ್ಟಿ ನೋಡುವ ತನಕ ಆ ಯಂತ್ರವನ್ನು ನಿಲ್ಲಿಸಿಡುವುದು ಒಳ್ಳೆಯದು. ಈಗ ಗಾಳಿ ಕಡಿಮೆಯಿರುವ ಡಿಸೆಂಬರ್ ತಿಂಗಳಾದ್ದರಿಂದ ನಿಲ್ಲಿಸಿದರೆ ಆಗುವ ನಷ್ಟವೂ ಕಡಿಮೆ.

ಹೀಗೇಕೆ ಹೇಳುತ್ತಿದ್ದೇನೆಂಬುದು ತಿಳಿಯಬೇಕಾದರೆ ರೆಕ್ಕೆಯೊಳಗೆ ಏನಿದೆ ಎಂಬುದನ್ನು ನೋಡಬೇಕು. ಕೆಳಗಿನಿಂದ ನೋಡುವವರಿಗೆ ಅದು ಒಂದೇ ಎರಕದ ವಸ್ತುವಿನಂತೆ ಕಂಡರೂ ವಾಸ್ತವದಲ್ಲಿ ಅದು ಗಾಜಿನ ನೂಲಿನ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಎಪಾಕ್ಸಿ ಅಥವಾ ಪಾಲಿಯೆಸ್ಟರ್ ರೆಸಿನ್ (ಗಟ್ಟಿಯಾಗುವ ರಾಳ) ಕುಡಿಸಿ ಗಟ್ಟಿ ಮಾಡಿದ ಎರಡು ಚಿಪ್ಪುಗಳನ್ನು ಅಂಟಿಸಿದ ಟೊಳ್ಳು ರಚನೆ. ಒಳಗೆ ಬುಡದಿಂದ ತುದಿಯ ಹತ್ತಿರದವರೆಗೂ ಹೋಗುವ ದಪ್ಪ ಪಟ್ಟಿಗೆ ಸ್ಪಾರ್ ಕ್ಯಾಪ್ ಎಂದು ಹೆಸರು. ಅದರ ನೂಲುಗಳೆಲ್ಲ ರೆಕ್ಕೆಯ ಉದ್ದಕ್ಕೇ ಮಲಗಿರುತ್ತವೆ, ಗಾಳಿಯ ಭಾರವನ್ನು ಹೊರುವುದು ಅವೇ. ಮೇಲಿನ ಮತ್ತು ಕೆಳಗಿನ ಪಟ್ಟಿಗಳ ನಡುವೆ ಗೋಡೆಯಂತೆ ನಿಂತಿರುವುದು ಶಿಯರ್ ವೆಬ್. ಉಳಿದ ಅಗಲ ಭಾಗಗಳಲ್ಲಿ ತೆಳುವಾದ ಎರಡು ಫೈಬರ್ ಪದರಗಳ ನಡುವೆ ಬಾಲ್ಸಾ ಎಂಬ ಹಗುರ ಮರವನ್ನೋ ಫೋಮ್ ಹಲಗೆಯನ್ನೋ ಇಟ್ಟಿರುತ್ತಾರೆ. ಇವೆಲ್ಲದರ ಮೇಲೆ ಅರ್ಧ ಮಿಲಿಮೀಟರ್ ಆಸುಪಾಸಿನ ಜೆಲ್‌ಕೋಟ್ ಅಥವಾ ಬಣ್ಣ ಇರುತ್ತದೆ. ಆದ್ದರಿಂದ ಯಾವ ದೋಷ ಕಂಡರೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಇದು ಚರ್ಮದಲ್ಲಿದೆಯೋ (ಮೇಲಿನ ಲೇಪ), ಹೊಲಿಗೆಯಲ್ಲಿದೆಯೋ (ಅಂಟಿನ ಗೆರೆ), ಮೂಳೆಯಲ್ಲಿದೆಯೋ (ಸ್ಪಾರ್ ಕ್ಯಾಪ್, ಶಿಯರ್ ವೆಬ್)? ಬಿರುಕಿನ ಉದ್ದಕ್ಕಿಂತ ಈ ಪ್ರಶ್ನೆಯ ಉತ್ತರ ಮುಖ್ಯ. ಜೆಲ್‌ಕೋಟ್ ಮೇಲಿನ ಒಂದು ಮೀಟರ್ ಗೆರೆ ನಿರುಪದ್ರವಿಯಾಗಿರಬಹುದು. ಸ್ಪಾರ್ ಕ್ಯಾಪ್‌ಗೆ ಅಡ್ಡವಾಗಿ ಬಿದ್ದ ಹತ್ತು ಸೆಂಟಿಮೀಟರ್ ಬಿರುಕು ರೆಕ್ಕೆಯನ್ನೇ ಮುರಿಯಬಹುದು.

ವಯಸ್ಸಿನ ವಿಷಯಕ್ಕೂ ಇಲ್ಲಿ ಒಂದು ಮಾತು ಸೇರಿಸಬೇಕು. ನಿಮ್ಮ ಯಂತ್ರದ ರೆಕ್ಕೆಗಳು ಸರಾಸರಿ ನಿಮಿಷಕ್ಕೆ 22 ಸುತ್ತಿನಂತೆ ವರ್ಷಕ್ಕೆ 6,000 ಗಂಟೆ ತಿರುಗಿವೆ ಎಂದಿಟ್ಟುಕೊಂಡರೆ ವರ್ಷಕ್ಕೆ ಸುಮಾರು 79 ಲಕ್ಷ ಸುತ್ತು, 19 ವರ್ಷಕ್ಕೆ 15 ಕೋಟಿ ಸುತ್ತು ಆಗುತ್ತದೆ. ಪ್ರತಿ ಸುತ್ತಿನಲ್ಲೂ ರೆಕ್ಕೆ ತನ್ನದೇ ಭಾರಕ್ಕೆ ಒಮ್ಮೆ ಮುಂದಂಚಿನ ಕಡೆಗೆ, ಒಮ್ಮೆ ಹಿಂದಂಚಿನ ಕಡೆಗೆ ಬಾಗುತ್ತದೆ. ಹಿಂದಂಚಿನ ಅಂಟು ಮೊದಲು ಸೋಲುವುದಕ್ಕೆ ಇದೊಂದು ಕಾರಣ. ವಿನ್ಯಾಸಕಾರರು ಸಾಮಾನ್ಯವಾಗಿ 20 ವರ್ಷದ ಲೆಕ್ಕ ಹಾಕಿರುತ್ತಾರೆ ನಿಜ. ಆದರೆ ಅದು ಒಂದು ಗೊತ್ತಾದ ಗಾಳಿಯ ಬಿರುಸು ಮತ್ತು ಸುಳಿತವನ್ನು ಎಣಿಸಿ ಹಾಕಿದ ಲೆಕ್ಕ. ಗುಡ್ಡದ ನೆತ್ತಿಯ ಅಂಚಿನಲ್ಲಿ ನಿಂತು ಸುಳಿಗಾಳಿ ಉಂಡ ಯಂತ್ರವೂ, ಅದೇ ಸಾಲಿನಲ್ಲಿ ಇನ್ನೂರು ಮೀಟರ್ ಹಿಂದೆ ಸಮತಟ್ಟಿನಲ್ಲಿ ನಿಂತ ಯಂತ್ರವೂ ಒಂದೇ ವಯಸ್ಸಿನವಲ್ಲ.

ಈಗ ಮೊದಲ ದೋಷ. ಲೀಡಿಂಗ್ ಎಡ್ಜ್ ಎಂದು ಕೆಲಸಗಾರರು ಕರೆಯುವ ಮುಂದಂಚು ಸವೆಯುವುದು ವೇಗದಿಂದ. 48 ಮೀಟರ್ ವ್ಯಾಸದ ಚಕ್ರ ನಿಮಿಷಕ್ಕೆ 30 ಸುತ್ತು ತಿರುಗಿದರೆ ತುದಿಯ ವೇಗ ಸೆಕೆಂಡಿಗೆ 75 ಮೀಟರ್, ಅಂದರೆ ಗಂಟೆಗೆ 270 ಕಿಲೋಮೀಟರ್. ಆ ವೇಗದಲ್ಲಿ ಎದುರಾಗುವ ಮಳೆಹನಿ ಸಣ್ಣ ಸುತ್ತಿಗೆಯ ಹಾಗೆ ಬಡಿಯುತ್ತದೆ. ನಮ್ಮ ಬಯಲುಸೀಮೆಯಲ್ಲಿ ಮುಂಗಾರಿನ ಬಿರುಗಾಳಿ ಹೊತ್ತು ತರುವ ಧೂಳು ಮತ್ತು ಸಣ್ಣ ಮರಳು ಆ ಕೆಲಸವನ್ನು ಇನ್ನಷ್ಟು ಬೇಗ ಮುಗಿಸುತ್ತವೆ. ಬುಡದ ಕಡೆ ವೇಗ ಕಡಿಮೆಯಿರುವುದರಿಂದ ಸವೆತ ತುದಿಯ ಮೂರನೇ ಒಂದು ಭಾಗಕ್ಕೇ ಹೆಚ್ಚಾಗಿ ಸೀಮಿತವಾಗಿರುತ್ತದೆ. ಮೊದಲು ಸೂಜಿಮೊನೆಯಂಥ ಗುಳಿಗಳು ಬೀಳುತ್ತವೆ, ಅವು ಕೂಡಿ ಹಳ್ಳಗಳಾಗುತ್ತವೆ, ಆಮೇಲೆ ಜೆಲ್‌ಕೋಟ್ ಸಿಪ್ಪೆಯಂತೆ ಏಳುತ್ತದೆ, ಕೊನೆಗೆ ಗಾಜಿನ ನೂಲೇ ಹೊರಗೆ ಕಾಣುತ್ತದೆ. ನಿಮ್ಮ ಫೋಟೊದಲ್ಲಿ ಕಪ್ಪಗೆ ಕಾಣುವುದು ಗುಳಿಗಳಲ್ಲಿ ಕೂತ ಕೊಳೆಯಾಗಿರಬಹುದು, ನೂಲು ಹೊರಬಂದ ಜಾಗವೂ ಆಗಿರಬಹುದು. ಬೆರಳಾಡಿಸಿ ನೋಡಿದರೆ ಮಾತ್ರ ಅದು ನಿಶ್ಚಯವಾಗುತ್ತದೆ.

ಹಣದ ಲೆಕ್ಕವನ್ನೂ ನೋಡೋಣ. ಒರಟಾದ ಮುಂದಂಚಿನ ಮೇಲೆ ಗಾಳಿ ಅಂಟಿಕೊಂಡು ಹರಿಯುವುದಿಲ್ಲ, ಆದ್ದರಿಂದ ಉತ್ಪಾದನೆ ಕುಗ್ಗುತ್ತದೆ. 800 ಕಿಲೋವ್ಯಾಟ್ ಯಂತ್ರ ತನ್ನ ಸಾಮರ್ಥ್ಯದ ಶೇ. 20ರಷ್ಟು ಉತ್ಪಾದಿಸುತ್ತದೆ ಎಂದು ಹಿಡಿದರೆ ವರ್ಷಕ್ಕೆ 14 ಲಕ್ಷ ಯುನಿಟ್ ಸಿಗುತ್ತದೆ. ಸವೆತದಿಂದ ಶೇ. 3ರಷ್ಟು ಹೋದರೆ 42,000 ಯುನಿಟ್. ಯುನಿಟ್ಟಿಗೆ 3 ರೂಪಾಯಿ 40 ಪೈಸೆಯಂತೆ ವರ್ಷಕ್ಕೆ ಸುಮಾರು 1 ಲಕ್ಷ 43 ಸಾವಿರ ರೂಪಾಯಿ. ನಿಮ್ಮ ಒಪ್ಪಂದದ ದರವನ್ನು ಹಾಕಿ ಇದನ್ನೇ ಮತ್ತೆ ಗುಣಿಸಿ, ಗುತ್ತಿಗೆದಾರರ ದರಪಟ್ಟಿಯ ಪಕ್ಕದಲ್ಲಿಡಿ. ಮಾಡಿಸಬೇಕಾದ ಕೆಲಸ ಇಷ್ಟು: ಸಡಿಲವಾದುದನ್ನೆಲ್ಲ ಉಜ್ಜಿ ತೆಗೆಯುವುದು, ನೂಲು ಕಂಡ ಕಡೆ ಹೊಸ ಫೈಬರ್ ಪದರ ಹಾಕುವುದು, ಫಿಲ್ಲರ್‌ನಿಂದ ಮೂಲ ಆಕಾರಕ್ಕೆ ತರುವುದು, ಆ ಮೇಲೆ ಮುಂದಂಚಿಗೆಂದೇ ತಯಾರಾದ ಪಾಲಿಯುರೆಥೇನ್ ಲೇಪವನ್ನೋ ಪಾರದರ್ಶಕ ಟೇಪನ್ನೋ ಹಾಕುವುದು. ಟೇಪ್ ಚೆನ್ನಾಗಿ ಬಾಳುತ್ತದೆ, ಆದರೆ ಅದರ ಅಂಚು ಒಂದೆಡೆ ಎದ್ದರೂ ಪಟಪಟನೆ ಬಡಿದುಕೊಂಡು ಶಬ್ದ ಮಾಡುತ್ತ ಪೂರ್ತಿ ಕಿತ್ತುಬರುತ್ತದೆ. ಧೂಳು ಹಾರುವ ಗುಡ್ಡದಲ್ಲಿ, ಹಗ್ಗಕ್ಕೆ ಜೋತುಬಿದ್ದು ಕೆಲಸ ಮಾಡುವಾಗ, ಲೇಪವೇ ಮೇಲೆಂಬುದು ನನ್ನ ಅನುಭವ. ಗೋಡೆಗೆ ಬಳಿಯುವ ಅಥವಾ ಕಬ್ಬಿಣಕ್ಕೆ ಬಳಿಯುವ ಬಣ್ಣ ಮಾತ್ರ ಒಂದು ಮಳೆಗಾಲವನ್ನೂ ದಾಟದು.

ಎರಡನೆಯ ದೋಷದಲ್ಲಿ ಸಿಳ್ಳೆ ಮತ್ತು ಸುಟ್ಟ ಕಲೆ ಒಂದೇ ಕಥೆಯ ಎರಡು ಭಾಗಗಳಿರಬಹುದು ಎಂದು ನನ್ನ ಸಂಶಯ. ತುದಿಯ ಹತ್ತಿರ ರೆಕ್ಕೆಯ ಮೈಯಲ್ಲಿ ರಿಸೆಪ್ಟರ್ ಎಂಬ ಲೋಹದ ಬಿಲ್ಲೆ ಅಥವಾ ಲೋಹದ ತುದಿಯೇ ಇರುತ್ತದೆ. ಸಿಡಿಲು ಅದಕ್ಕೆ ಬಡಿದು, ಒಳಗಿನ ತಂತಿಯ ಮೂಲಕ ಬುಡಕ್ಕೆ, ಅಲ್ಲಿಂದ ಗೋಪುರದ ಮೂಲಕ ಭೂಮಿಗೆ ಇಳಿಯಬೇಕು. ತಂತಿಯ ಜೋಡಣೆ ಎಲ್ಲಾದರೂ ತುಕ್ಕು ಹಿಡಿದಿದ್ದರೆ ಅಥವಾ ತುಂಡಾಗಿದ್ದರೆ ಸಿಡಿಲು ಫೈಬರನ್ನೇ ಸೀಳಿಕೊಂಡು ದಾರಿ ಮಾಡಿಕೊಳ್ಳುತ್ತದೆ. ಹಾಗಾದ ಸಣ್ಣ ತೂತಿನ ಮೇಲೆ ಗಾಳಿ ಹಾದಾಗ ಕೊಳಲಿನ ನ್ಯಾಯದಂತೆ ಸಿಳ್ಳೆ ಹುಟ್ಟುತ್ತದೆ. ಬಾಯಿ ಬಿಟ್ಟ ಹಿಂದಂಚೂ ಸಿಳ್ಳೆ ಹಾಕಬಲ್ಲದು, ಹಾಗಾಗಿ ಮೂರನೆಯ ದೋಷವನ್ನೂ ಈ ಸಂಶಯದಿಂದ ಹೊರಗಿಡಲಾಗದು.

ಅದೇ ತುದಿಯಲ್ಲಿ ನೀರು ಇಳಿಯಲೆಂದು ಬಿಟ್ಟ ಒಂದು ಸಣ್ಣ ರಂಧ್ರವಿದೆ. ಹಳೆಯ ರೆಕ್ಕೆಗಳಲ್ಲಿ ನಾನು ಯಾವಾಗಲೂ ಮೊದಲು ನೋಡುವುದು ಅದನ್ನೇ. ಒಳಗೆ ಉದುರಿದ ಅಂಟಿನ ಚೂರುಗಳು, ಧೂಳು, ಫೋಮಿನ ಪುಡಿ ಎಲ್ಲವೂ ತಿರುಗುವ ರಭಸಕ್ಕೆ ತುದಿಗೆ ಸರಿದು ಆ ರಂಧ್ರವನ್ನು ಮುಚ್ಚುತ್ತವೆ. ನಿಮ್ಮ ಯಂತ್ರದ ವೇಗದಲ್ಲಿ ತುದಿಯ ಬಳಿ ಪ್ರತಿಯೊಂದು ವಸ್ತುವೂ ತನ್ನ ತೂಕದ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಬಲದಿಂದ ಹೊರಕ್ಕೆ ಒತ್ತುತ್ತದೆ, ಅರ್ಧ ಕಿಲೋ ಅಂಟಿನ ಗಟ್ಟಿ ಅಲ್ಲಿ ಹನ್ನೆರಡು ಕಿಲೋದಂತೆ ಕೂರುತ್ತದೆ. ರಂಧ್ರ ಮುಚ್ಚಿದ ಮೇಲೆ ನೀರು ಒಳಗೇ ನಿಲ್ಲುತ್ತದೆ. ಆ ನೀರಿರುವ ತುದಿಗೆ ಸಿಡಿಲು ಬಡಿದರೆ ನೀರು ಕ್ಷಣಾರ್ಧದಲ್ಲಿ ಆವಿಯಾಗಿ ಎರಡು ಚಿಪ್ಪುಗಳನ್ನು ಅಂಟಿನ ಗೆರೆಯಲ್ಲೇ ಬಿಚ್ಚಿಬಿಡುತ್ತದೆ. ರಂಧ್ರ ಬಿಡಿಸಲು ಬೇಕಾಗುವುದು ಒಂದು ತಂತಿ ಮತ್ತು ಹತ್ತು ನಿಮಿಷ. ಅದನ್ನು ಯಾರೂ ಮಾಡದಿರುವುದಕ್ಕೆ ಕಾರಣ, ಆ ಹತ್ತು ನಿಮಿಷಕ್ಕಾಗಿ ಐವತ್ತು ಮೀಟರಿಗೂ ಎತ್ತರದಲ್ಲಿ ಹಗ್ಗ ಕಟ್ಟಿ ಇಳಿಯಬೇಕು. ಹೇಗೂ ಇಳಿಯುವ ದಿನ ಆರೂ ರೆಕ್ಕೆಗಳ ರಂಧ್ರ ಬಿಡಿಸಿ, ಆರರಲ್ಲೂ ರಿಸೆಪ್ಟರಿನಿಂದ ಬುಡದವರೆಗೆ ತಂತಿಯ ರೋಧವನ್ನು ಮಿಲಿಓಮ್ ಮೀಟರಿನಿಂದ ಅಳೆಸಿ ಬರೆದಿಡಿ. ಆರರಲ್ಲಿ ಒಂದು ಮಾತ್ರ ಬೇರೆ ಸಂಖ್ಯೆ ತೋರಿಸಿದರೆ ದೋಷ ಅಲ್ಲಿದೆ. ಚಿತ್ರದುರ್ಗದ ಕಡೆ ಏಪ್ರಿಲ್, ಮೇ ತಿಂಗಳಲ್ಲೇ ಸಿಡಿಲಿನ ಆರ್ಭಟ ಶುರುವಾಗುವುದರಿಂದ ಈ ಕೆಲಸಕ್ಕೆ ಮಾರ್ಚ್ ಕೊನೆಯೇ ಗಡುವು.

ಮೂರನೆಯದಕ್ಕೆ ಬರುತ್ತೇನೆ. ಬುಡದಿಂದ ಆರು ಮೀಟರ್ ಎಂದರೆ ನಿಮ್ಮ ರೆಕ್ಕೆಯ ಅತಿ ಅಗಲದ ಭಾಗ ಅದರ ಆಸುಪಾಸಿನಲ್ಲಿರಬಹುದು. ಅಲ್ಲಿ ಮೈ ಅಗಲವಾಗಿ, ತೆಳ್ಳಗೆ, ಬಾಲ್ಸಾ ತುಂಬಿಕೊಂಡಿರುತ್ತದೆ. ಗಾಳಿಯ ಒತ್ತಡಕ್ಕೆ ಅದು ಉಸಿರಾಡುವಂತೆ ಉಬ್ಬಿ ತಗ್ಗುತ್ತದೆ, ಹಿಂದಂಚಿನ ಅಂಟು ಆ ಚಲನೆಯನ್ನೆಲ್ಲ ತಡೆದುಕೊಳ್ಳಬೇಕು. ಗೆರೆ ಬರೀ ಮೇಲಿನ ಫಿಲ್ಲರ್‌ನದಾದರೆ ಅರ್ಧ ದಿನದ ಕೆಲಸ. ಅಂಟು ಬಿಟ್ಟಿದ್ದರೆ ನೀರು ಒಳಹೊಕ್ಕಿರುವ, ಬಾಲ್ಸಾ ಕೊಳೆತಿರುವ ಸಾಧ್ಯತೆಯಿದೆ. ಕಂಡುಹಿಡಿಯುವ ಮೊದಲ ಉಪಕರಣ ತೀರಾ ಹಳೆಯದು: ಒಂದು ನಾಣ್ಯ ಅಥವಾ ಸಣ್ಣ ಸುತ್ತಿಗೆ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುವ ಹಾಗೆ, ಗೆರೆಯ ಸುತ್ತ ಐದೈದು ಸೆಂಟಿಮೀಟರಿಗೆ ತಟ್ಟುತ್ತ ಹೋದರೆ ಗಟ್ಟಿ ಜಾಗದಲ್ಲಿ ಸ್ಪಷ್ಟ ದನಿಯೂ ಪದರ ಬಿಟ್ಟ ಜಾಗದಲ್ಲಿ ಮಂಕು ದನಿಯೂ ಕೇಳುತ್ತದೆ. ಮಂಕಾದ ಜಾಗದ ಸುತ್ತ ಮಾರ್ಕರಿನಿಂದ ಗೆರೆ ಎಳೆಸಿ, ಅಳತೆಪಟ್ಟಿ ಇಟ್ಟು ಫೋಟೊ ತೆಗೆಸಿ. ಜೊತೆಗೆ ಮೂರೂ ರೆಕ್ಕೆಗಳು ಕೂಡುವ ಹಬ್‌ನ ಕಡೆಯಿಂದ ರೆಕ್ಕೆಯೊಳಗೂ ಹೋಗಿ ನೋಡಬೇಕು. ನಿಮ್ಮ ಅಳತೆಯ ರೆಕ್ಕೆಯಲ್ಲಿ ಮನುಷ್ಯ ಕೆಲವೇ ಮೀಟರ್ ತೆವಳಬಹುದು, ಮುಂದಕ್ಕೆ ಕ್ಯಾಮರಾ ಹೋಗಬೇಕು. ಒಳಗಿನಿಂದ ಬೆಳಕಿನ ಗೆರೆ ಕಂಡರೆ, ನೀರಿನ ಕಲೆ ಕಂಡರೆ, ಶಿಯರ್ ವೆಬ್ಬಿನ ಅಂಟಿನಲ್ಲಿ ಬಿರುಕು ಕಂಡರೆ ವಿಷಯ ಹೊಲಿಗೆಯನ್ನು ದಾಟಿದೆ ಎಂದರ್ಥ.

ಅಂಟು ಬಿಟ್ಟಿದ್ದರೆ ದುರಸ್ತಿ ಹೇಗಿರಬೇಕು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಮೋಸ ನಡೆಯುವುದು ಇಲ್ಲಿಯೇ. ಮೊದಲು ಸಡಿಲವಾದ ಅಂಟು, ಒದ್ದೆ ಬಾಲ್ಸಾ, ಬಿಳಿಚಿಕೊಂಡ ಫೈಬರ್ ಎಲ್ಲವನ್ನೂ ಗಟ್ಟಿ ಜಾಗ ಸಿಗುವ ತನಕ ಉಜ್ಜಿ ತೆಗೆಯಬೇಕು. ಲೋಹದ ತಗಡಿನಲ್ಲಿ ಬಿರುಕಿನ ತುದಿಗೆ ತೂತು ಕೊರೆದು ಅದನ್ನು ನಿಲ್ಲಿಸುವ ಪದ್ಧತಿಯನ್ನು ಇಲ್ಲಿ ನೆಚ್ಚಿಕೊಳ್ಳಬಾರದು. ಆಮೇಲೆ ಗುಂಡಿಯ ಅಂಚನ್ನು ಕಡಿದಾಗಿ ಬಿಡದೆ ಇಳಿಜಾರಾಗಿ ಉಜ್ಜಬೇಕು. ಭಾರ ಹೊರುವ ಪದರಗಳಲ್ಲಿ ಈ ಇಳಿಜಾರು ಸಾಮಾನ್ಯವಾಗಿ ಒಂದಕ್ಕೆ ಐವತ್ತರಷ್ಟಿರುತ್ತದೆ. 3 ಮಿಲಿಮೀಟರ್ ಆಳದ ಗಾಯಕ್ಕೆ ಸುತ್ತಲೂ 15 ಸೆಂಟಿಮೀಟರ್ ಅಗಲದ ಇಳಿಜಾರು ಬೇಕಾಗುತ್ತದೆ. ಅಂಗೈಯಗಲದ ದೋಷಕ್ಕೆ ಬಾಗಿಲಿನಗಲ ಉಜ್ಜಿದರು ಎಂದು ನಿಮ್ಮ ಮೇಲ್ವಿಚಾರಕರು ಗಾಬರಿಯಾದರೆ ಕೆಲಸ ಸರಿಯಾಗಿ ನಡೆಯುತ್ತಿದೆ ಎಂದು ತಿಳಿಯಿರಿ. ಹೊಸ ಪದರಗಳ ನೂಲು ಹಳೆಯ ಪದರಗಳ ದಿಕ್ಕಿನಲ್ಲೇ ಮಲಗಬೇಕು. 45 ಡಿಗ್ರಿಯ ಓರೆ ನೂಲಿದ್ದ ಕಡೆ ನೇರ ನೂಲು ಹಾಕಿದರೆ ದಪ್ಪ ಬರುತ್ತದೆ, ಬಲ ಬರುವುದಿಲ್ಲ. ಮೂಲ ರೆಸಿನ್ ಯಾವುದೆಂದು ತಿಳಿಯದಿದ್ದರೆ ಎಪಾಕ್ಸಿಯನ್ನೇ ಬಳಸಲು ಹೇಳಿ. ಎಪಾಕ್ಸಿ ಪಾಲಿಯೆಸ್ಟರ್ ಮೇಲೆ ಹಿಡಿಯುತ್ತದೆ, ಪಾಲಿಯೆಸ್ಟರ್ ಎಪಾಕ್ಸಿಯ ಮೇಲೆ ಸರಿಯಾಗಿ ಹಿಡಿಯುವುದಿಲ್ಲ. ಪದರ ಹಾಸಿದ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ವ್ಯಾಕ್ಯೂಮ್ ಪಂಪಿನಿಂದ ಗಾಳಿ ಎಳೆದು, ಬಿಸಿ ಹೊದಿಕೆ ಸುತ್ತಿ, ರೆಸಿನ್ ತಯಾರಕರು ಹೇಳಿದ ಉಷ್ಣತೆಯಲ್ಲಿ ಹೇಳಿದಷ್ಟು ಹೊತ್ತು ಇಟ್ಟು, ಕೊನೆಗೆ ಗಡಸುತನದ ಮೀಟರ್ ಒತ್ತಿ ಗಟ್ಟಿಯಾಗಿರುವುದನ್ನು ಅಳೆದು ಬರೆಯಬೇಕು.

ಹವೆಯ ಮಾತೂ ಇದರಲ್ಲಿ ಸೇರಿದೆ. ಡಿಸೆಂಬರ್, ಜನವರಿಯ ಬೆಳಗ್ಗೆ ಗುಡ್ಡದ ಮೇಲೆ ರೆಕ್ಕೆಯ ಮೈ ತಣ್ಣಗಿದ್ದು ಇಬ್ಬನಿ ಕೂರುತ್ತದೆ. ಕಣ್ಣಿಗೆ ಕಾಣದ ಆ ತೇವದ ಮೇಲೆ ರೆಸಿನ್ ಹಚ್ಚಿದರೆ ಅದು ಹಿಡಿದಂತೆ ಕಂಡು ಒಂದು ವರ್ಷದಲ್ಲಿ ಹಪ್ಪಳದಂತೆ ಏಳುತ್ತದೆ. ಮೈಯ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು ಎಂಬುದು ಈ ಕಸುಬಿನ ನಿಯಮ. ಏಪ್ರಿಲ್ ಮಧ್ಯಾಹ್ನದಲ್ಲಿ ತೊಂದರೆ ಉಲ್ಟಾ: ಕಲಸಿದ ಎಪಾಕ್ಸಿ ಡಬ್ಬಿಯಲ್ಲೇ ಬಿಸಿಯಾಗಿ, ಮೇಲೆ ಹೋಗುವಷ್ಟರಲ್ಲಿ ಕಲ್ಲಾಗಿರುತ್ತದೆ. ಜನವರಿ ಕೊನೆಯಿಂದ ಮಾರ್ಚ್‌ವರೆಗಿನ, ಬೆಳಗ್ಗೆ ಹತ್ತು ಗಂಟೆಯ ಬಿಸಿಲು ನಿಮಗೆ ಅನುಕೂಲ. ಒಮ್ಮೆ ಒಂದು ಗುಡ್ಡದ ಮೇಲೆ, ಹಿಂದಿನ ವರ್ಷ ದುರಸ್ತಿಯಾಗಿದೆ ಎಂದು ದಾಖಲೆಯಿದ್ದ ರೆಕ್ಕೆಯನ್ನು ಉಜ್ಜಿಸಿದಾಗ ಒಳಗೆ ಒಂದೇ ಒಂದು ಫೈಬರ್ ಪದರವಿರಲಿಲ್ಲ. ಕಾರಿನ ಮೈ ತಗ್ಗಿಗೆ ಹಚ್ಚುವ ಪುಟ್ಟಿ ತುಂಬಿ ಮೇಲೆ ನುಣ್ಣಗೆ ಬಣ್ಣ ಬಳಿದಿದ್ದರು. ಅಂದಿನಿಂದ ನಾನು ಬಿಲ್ಲಿಗೆ ಸಹಿ ಹಾಕುವ ಮುನ್ನ ಪ್ರತಿ ಪದರದ ಫೋಟೊ ಕೇಳುತ್ತೇನೆ.

ತೂಕದ ವಿಷಯವನ್ನು ಹೆಚ್ಚಿನವರು ಮರೆಯುತ್ತಾರೆ. ಕಾರ್ಖಾನೆಯಲ್ಲಿ ಮೂರು ರೆಕ್ಕೆಗಳನ್ನು ತೂಗಿ ಸರಿಹೊಂದಿಸಿ ಒಂದು ಜೊತೆಯಾಗಿ ಕಳುಹಿಸಿರುತ್ತಾರೆ. ಬುಡದಿಂದ 22 ಮೀಟರ್ ದೂರದಲ್ಲಿ ಸೇರಿಸಿದ 2 ಕಿಲೋ ರೆಸಿನ್, 2 ಮೀಟರ್ ದೂರದಲ್ಲಿ ಸೇರಿಸಿದ 22 ಕಿಲೋಗೆ ಸಮ. ಒಂದೇ ರೆಕ್ಕೆಯ ತುದಿಗೆ ದಪ್ಪನೆಯ ದುರಸ್ತಿ ಮಾಡಿದರೆ ಯಂತ್ರ ಅಲುಗತೊಡಗುತ್ತದೆ, ಆ ಅಲುಗಾಟ ಮುಖ್ಯ ಬೇರಿಂಗಿನ ಆಯುಷ್ಯ ತಿನ್ನುತ್ತದೆ. ತೆಗೆದದ್ದೆಷ್ಟು, ಹಾಕಿದ್ದೆಷ್ಟು ಎಂದು ಪ್ರತಿ ರೆಕ್ಕೆಗೂ ಬರೆಸಿ. ನಿಮ್ಮ ಎರಡನೆಯ ಗುತ್ತಿಗೆದಾರರು ಬೇರೆಡೆ ಇಳಿಸಿದ ಹಳೆಯ ರೆಕ್ಕೆಯೊಂದನ್ನು ತಂದು ಹಾಕುವ ಯೋಚನೆಯಲ್ಲಿದ್ದರೆ ಇದೇ ಕಾರಣಕ್ಕೆ ಅದರ ತೂಕ ಮತ್ತು ಭಾರಕೇಂದ್ರದ ದಾಖಲೆಯಿಲ್ಲದೆ ಒಪ್ಪಬೇಡಿ.

ಮೇಲೆಯೇ ದುರಸ್ತಿ ಮಾಡಬಾರದ ದೋಷಗಳೂ ಇವೆ: ಸ್ಪಾರ್ ಕ್ಯಾಪ್‌ಗೆ ಅಡ್ಡವಾದ ಬಿರುಕು, ಶಿಯರ್ ವೆಬ್ ಉದ್ದಕ್ಕೂ ಅಂಟು ಬಿಟ್ಟಿರುವುದು, ಬುಡದಲ್ಲಿ ಬೋಲ್ಟುಗಳ ಸುತ್ತ ಎದ್ದ ಬಿರುಕು. ಇಂಥವು ಕಂಡರೆ ರೆಕ್ಕೆ ಕೆಳಗಿಳಿಯಬೇಕು, ಕ್ರೇನ್ ಬೇಕು. ಗುಡ್ಡಕ್ಕೆ ಕ್ರೇನ್ ಏರಿಸುವ ಖರ್ಚು ಸೇರಿದ ಮೇಲೆ ಹಳೆಯ ಯಂತ್ರಕ್ಕೆ ಅದು ಗಿಟ್ಟುತ್ತದೆಯೇ ಎಂಬ ಪ್ರಶ್ನೆ ಆಗ ಮಾತ್ರ ಏಳುತ್ತದೆ. ನೀವು ಬರೆದಿರುವುದರಲ್ಲಿ ಅಂಥದ್ದು ನನಗೆ ಕಾಣಲಿಲ್ಲ. ಬದಲಿಸಲೇಬೇಕೆನ್ನುವವರು ಇವುಗಳಲ್ಲಿ ಯಾವುದನ್ನು ಕಂಡರೆಂದು ಅಳತೆ ಮತ್ತು ಫೋಟೊ ಸಮೇತ ಬರೆದುಕೊಡಲಿ.

ಇನ್ನೆಷ್ಟು ವರ್ಷ ಎಂಬುದು ನಿಮ್ಮ ಪ್ರಶ್ನೆಯ ಹಿಂದಿರುವ ಪ್ರಶ್ನೆ. ಯಂತ್ರದ ಬೆಲೆಯ ಶೇ. 80ರಷ್ಟನ್ನು ತೆರಿಗೆಯ ಲೆಕ್ಕದಲ್ಲಿ ಬೇಗನೆ ಸವಕಳಿಯೆಂದು ತೋರಿಸಬಹುದಾಗಿದ್ದ ಕಾಲದಲ್ಲಿ ನಿಮ್ಮಂತೆ ಗಿರಣಿ, ಗಣಿ, ಜವಳಿ ನಡೆಸುವವರು ಅನೇಕರು ಗಾಳಿಯಂತ್ರ ಹಾಕಿಸಿದರು, ಹಾಕಿಸಿ ರೆಕ್ಕೆಗಳನ್ನು ಮರೆತರು. ಆ ಯಂತ್ರಗಳೆಲ್ಲ ಈಗ ಒಟ್ಟಿಗೆ ಇಪ್ಪತ್ತನ್ನು ಮುಟ್ಟುತ್ತಿವೆ. ಕೇಂದ್ರ ಸರ್ಕಾರದ 2016ರ ನೀತಿ ಹಳೆಯ ಸಣ್ಣ ಯಂತ್ರಗಳನ್ನು ತೆಗೆದು ದೊಡ್ಡವನ್ನು ಹಾಕುವುದನ್ನಷ್ಟೇ ಹೇಳಿತ್ತು. 2023ರ ಡಿಸೆಂಬರಿನಲ್ಲಿ ಬಂದ ಹೊಸ ನೀತಿ ಇದ್ದ ಯಂತ್ರದ ಆಯುಷ್ಯ ವಿಸ್ತರಿಸುವುದನ್ನೂ ಹೆಸರಿನಲ್ಲೇ ಸೇರಿಸಿಕೊಂಡಿದೆ. ಯಾವ ದಾರಿ ಹಿಡಿದರೂ ಪರಿಶೀಲಿಸುವ ಎಂಜಿನಿಯರ್ ಕೇಳುವುದು ದಾಖಲೆಯನ್ನೇ: ಯಾವ ರೆಕ್ಕೆಗೆ ಯಾವಾಗ ಏನಾಯಿತು, ಯಾರು ಏನು ಮಾಡಿದರು. ಮೂಳೆ ಗಟ್ಟಿಯಾಗಿದ್ದು, ನೀರು ಹೊಗದಂತೆ ನೋಡಿಕೊಂಡ ರೆಕ್ಕೆ ಇಪ್ಪತ್ತು ದಾಟಿ ದುಡಿಯುವುದು ಅಪರೂಪವಲ್ಲ.

ಕೆಲಸ ಒಪ್ಪಿಸುವಾಗ ಇಷ್ಟನ್ನು ಕರಾರಿನಲ್ಲಿ ಬರೆಸಿ. ಹಗ್ಗದ ಮೇಲೆ ಇಳಿಯುವವರಿಗೆ ಆ ತರಬೇತಿಯ ಪ್ರಮಾಣಪತ್ರ ಇರಬೇಕು, ಒಬ್ಬೊಬ್ಬರಿಗೂ ಎರಡೆರಡು ಹಗ್ಗ ಇರಬೇಕು, ಚಕ್ರಕ್ಕೆ ಬೀಗದ ಪಿನ್ ಹಾಕದೆ ಯಾರೂ ಇಳಿಯಬಾರದು, ಗಾಳಿ ನಿಗದಿತ ವೇಗ ಮೀರಿದರೆ ಕೂಲಿ ಕಡಿತವಿಲ್ಲದೆ ಕೆಲಸ ನಿಲ್ಲಬೇಕು. ಕೊನೆಯ ಷರತ್ತಿಲ್ಲದಿದ್ದರೆ ಹುಡುಗರು ಗಾಳಿಯಲ್ಲೂ ತೂಗಾಡುತ್ತಾರೆ. ಮೊದಲು ಎರಡನೆಯ ಯಂತ್ರದ ಹಿಂದಂಚು ಮತ್ತು ಸುಟ್ಟ ತುದಿ, ಆಮೇಲೆ ರಂಧ್ರಗಳು ಮತ್ತು ತಂತಿಗಳು, ಕೊನೆಗೆ ಮೊದಲ ಯಂತ್ರದ ಮುಂದಂಚು, ಹೀಗೆ ಸರದಿ ಇಟ್ಟುಕೊಳ್ಳಿ. ಹಣ ಈ ವರ್ಷ ಸಾಲದಿದ್ದರೆ ಮುಂದಂಚನ್ನು ಮುಂದಿನ ವರ್ಷಕ್ಕೆ ಬಿಡಬಹುದು, ಆದರೆ ನೂಲು ಹೊರಬಂದ ಜಾಗಗಳನ್ನಾದರೂ ಈಗಲೇ ಮುಚ್ಚಿಸಿ. ಮುಂಗಾರಿನ ಗಾಳಿ ಇಳಿದ ಮೇಲೆ, ಅಕ್ಟೋಬರಿನಲ್ಲಿ, ದುರಸ್ತಿಯಾದ ಪ್ರತಿ ಜಾಗದ ಫೋಟೊವನ್ನು ಅದೇ ಕೋನದಿಂದ ಮತ್ತೆ ತೆಗೆಸಿ, ಇಂದಿನ ಫೋಟೊದ ಪಕ್ಕದಲ್ಲಿಟ್ಟು ನೋಡಿ. ಗುತ್ತಿಗೆದಾರರ ಹಣದಲ್ಲಿ ಒಂದು ಪಾಲನ್ನು ಆ ತನಕ ಉಳಿಸಿಕೊಳ್ಳಿ.